ಸಂಶೋಧನೆ ಒಂದು ಬಿಟ್ಟು ಮಿಕ್ಕೆಲ್ಲದಕ್ಕೂ ಪುರುಸೊತ್ತು

ಎಂಜಿನಿಯರಿಂಗ್ ಕಾಲೇಜಿನ ಮೇಷ್ಟ್ರುಗಳಿಗೆ ಕೆಲಸವಿಲ್ಲ ಎಂದು ಯಾರಾದರೂ ಹೇಳಿದರೆ ಜಗಳಕ್ಕೆ ಹೋಗಬೇಡಿ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ತಿಂಗಳಲ್ಲಿ ಅವರನ್ನು ಯಾವುದಾದರೂ ಕಾಲೇಜಿಗೆ ಕರೆದುಕೊಂಡು ಹೋಗಿ, ಅಷ್ಟು ಸಾಕು. ರಾತ್ರಿ ಹತ್ತಾದರೂ ಮೆಕ್ಯಾನಿಕಲ್ ವಿಭಾಗದಲ್ಲಿ ದೀಪ ಉರಿಯುತ್ತಿರುತ್ತದೆ. ಲೋಹ ಎಷ್ಟು ಸಲ ಬಗ್ಗಿದರೆ ಮುರಿಯುತ್ತದೆ ಎಂಬುದರ ಮೇಲೆ ಡಾಕ್ಟರೇಟ್ ಪಡೆದವರು ನೆಲದ ಮೇಲೆ ಕೂತು ಬಾಕ್ಸ್ ಫೈಲುಗಳ ಬೆನ್ನಿಗೆ ಲೇಬಲ್ ಅಂಟಿಸುತ್ತಿರುತ್ತಾರೆ. ಪಕ್ಕದಲ್ಲಿ ಕಂಪನದ ಬಗ್ಗೆ ಪ್ರಬಂಧ ಬರೆದ ಮೇಡಂ ಐದು ವರ್ಷಗಳ ವಿಭಾಗೀಯ ಸಭೆಗಳ ನಡಾವಳಿಯನ್ನು ಒಂದೇ ವಾರದಲ್ಲಿ ಬರೆದು ಮುಗಿಸುವ ಹಟದಲ್ಲಿರುತ್ತಾರೆ.

ಇದೇನು ಸುಲಭದ ಕೆಲಸವಲ್ಲ. 2021ರ ಸಭೆಗಳಿಗೆ ನೀಲಿ ಪೆನ್ನು, 2022ಕ್ಕೆ ಕಪ್ಪು ಜೆಲ್ ಪೆನ್ನು, ನಡುನಡುವೆ ಅವಸರದಲ್ಲಿ ಗೀಚಿದಂಥ ಒಂದೆರಡು ಸಹಿ.

‘ಮೇಡಂ, ಈ ಸಭೆಗೆ ನೀವು ಬಂದಿದ್ರಾ?’

‘ನಾನಾಗ ಹೆರಿಗೆ ರಜೆಯಲ್ಲಿದ್ದೆ ಸರ್.’

‘ಒಳ್ಳೇದಾಯ್ತು, ಗೈರು ಅಂತ ಹಾಕೋಣ. ನಂಬೋ ಹಾಗಿರುತ್ತೆ.’

ಚಾರಿತ್ರಿಕ ಕಾದಂಬರಿ ಬರೆಯುವವರಿಗೂ ಸಣ್ಣಪುಟ್ಟ ವಿವರಗಳ ಮೇಲೆ ಇಷ್ಟು ನಿಗಾ ಇರುವುದಿಲ್ಲ.

ನ್ಯಾಕ್ ಶುರುವಾದದ್ದು 1994ರಲ್ಲಿ. ಅದರ ಕೇಂದ್ರ ಕಚೇರಿ ಇರುವುದು ನಮ್ಮ ಬೆಂಗಳೂರಿನ ನಾಗರಭಾವಿಯಲ್ಲೇ. ಅದು ಇಡೀ ಕಾಲೇಜಿಗೆ ಮಾನ್ಯತೆ ಕೊಡುತ್ತದೆ, ಒಂದೊಂದು ಕೋರ್ಸಿಗೆ ಮಾನ್ಯತೆ ಕೊಡಲು ಎನ್‌ಬಿಎ ಬೇರೆ ಇದೆ. ಸಾಲದು ಎಂದು 2016ರಿಂದ ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ಶ್ರೇಯಾಂಕವೂ ಸೇರಿಕೊಂಡಿದೆ. ಎಷ್ಟು ಮೇಷ್ಟ್ರು, ಎಷ್ಟು ಪೇಪರು, ಎಷ್ಟು ಹುಡುಗರಿಗೆ ಕೆಲಸ ಎಂದು ಮೂರೂ ಕಡೆಯವರು ಕೇಳುವುದು ಹೆಚ್ಚುಕಡಿಮೆ ಅದನ್ನೇ. ಆದರೆ ಒಂದು ಕಾಲಮ್ಮಿಗೆ ಶೈಕ್ಷಣಿಕ ವರ್ಷದ ಲೆಕ್ಕ ಬೇಕು, ಇನ್ನೊಂದಕ್ಕೆ ಹಣಕಾಸು ವರ್ಷದ್ದು, ಮತ್ತೊಂದಕ್ಕೆ ಕ್ಯಾಲೆಂಡರ್ ವರ್ಷದ್ದು. ಹೀಗಾಗಿ ಒಂದು ಸಲ ಬರೆದ ಪೇಪರಿನ ವಿವರವನ್ನು ಮೂರು ಸಲ ಟೈಪ್ ಮಾಡಬೇಕು. ಹಾಗೆ ಟೈಪ್ ಮಾಡುವ ಹೊತ್ತಿನಲ್ಲಿ ಇನ್ನೊಂದು ಪೇಪರ್ ಬರೆಯಬಹುದಿತ್ತಲ್ಲ ಎಂದು ಕೇಳಬೇಡಿ. ಆಮೇಲೆ ಅದರ ವಿವರವನ್ನೂ ಮೂರು ಸಲ ತುಂಬಬೇಕಾಗುತ್ತದೆ.

2014ರಲ್ಲಿ ಭಾರತ, ಎಂಜಿನಿಯರಿಂಗ್ ಪದವಿಗಳನ್ನು ದೇಶಗಳು ಪರಸ್ಪರ ಒಪ್ಪಿಕೊಳ್ಳುವ ವಾಷಿಂಗ್ಟನ್ ಒಪ್ಪಂದದ ಕಾಯಂ ಸದಸ್ಯನಾಯಿತು. ನಮ್ಮ ಎನ್‌ಬಿಎಯ ಟಿಯರ್-1 ಮಾನ್ಯತೆ ಇರುವ ಪದವಿಗೆ ಹೊರದೇಶಗಳಲ್ಲೂ ಬೆಲೆ ಬಂತು. ಸಂತೋಷ. ಅದರ ಜೊತೆಗೆ ಬಂದದ್ದು ಸಿಒ-ಪಿಒ ಮ್ಯಾಪಿಂಗ್ ಎಂಬ ವ್ರತ, ಅಂದರೆ ಒಂದು ವಿಷಯದ ಪಾಠದಿಂದ ಇಡೀ ಪದವಿಯ ಗುರಿಗಳು ಎಷ್ಟು ಈಡೇರಿದವು ಎಂದು ಅಂಕಿ ಹಾಕುವುದು. ಥರ್ಮೋಡೈನಮಿಕ್ಸ್ ಪಾಠದಿಂದ ಹುಡುಗನಲ್ಲಿ ನೈತಿಕತೆ ಎಷ್ಟು ಬೆಳೆಯಿತು? 1, 2, 3 — ಇವುಗಳಲ್ಲಿ ಒಂದನ್ನು ಬರೆಯಿರಿ. ಅದನ್ನು ಪರೀಕ್ಷೆಯ ಅಂಕಗಳ ಜೊತೆ ಗುಣಿಸಿ ಭಾಗಿಸಿದರೆ ಕಡೆಗೆ ಎಕ್ಸೆಲ್ ಹಾಳೆ 2.17 ಎನ್ನುತ್ತದೆ. ನೈತಿಕತೆಯನ್ನು ಎರಡು ದಶಾಂಶದವರೆಗೆ ಅಳೆದ ಸಮಾಜ ಇತಿಹಾಸದಲ್ಲಿ ಇನ್ನೊಂದಿದ್ದರೆ ಹೇಳಿ. ಗುರಿ 2.20 ಇಟ್ಟುಕೊಂಡಿದ್ದರೆ ಇನ್ನೊಂದು ಪೇಚು. ಕಡಿಮೆಬಿದ್ದ 0.03 ನೈತಿಕತೆಗೆ ಏನು ಕ್ರಮ ಕೈಗೊಂಡಿರಿ ಎಂದು ಬರೆಯಬೇಕು. ‘ಒಂದು ವಿಶೇಷ ಉಪನ್ಯಾಸ ಏರ್ಪಡಿಸಲಾಯಿತು’ ಎಂದು ಬರೆಯುತ್ತಾರೆ. ಬರೆದ ಮೇಲೆ ಏರ್ಪಡಿಸುತ್ತಾರೆ.

ಏರ್ಪಡಿಸಿದ್ದಕ್ಕೆ ಸಾಕ್ಷಿ ಬೇಕಲ್ಲ, ಅದಕ್ಕೆ ಜಿಯೋಟ್ಯಾಗ್ ಫೋಟೊ. ಅಕ್ಷಾಂಶ, ರೇಖಾಂಶ, ತಾರೀಕು, ಗಂಟೆ ಮೂಲೆಯಲ್ಲಿ ಮೂಡದಿದ್ದರೆ ಆ ಕಾರ್ಯಕ್ರಮ ನಡೆದೇ ಇಲ್ಲ. ಬಂದ ಅತಿಥಿ ಏನು ಮಾತಾಡಿದರೆಂದು ಸಂಜೆಯ ಹೊತ್ತಿಗೆ ಒಬ್ಬರಿಗೂ ನೆನಪಿರುವುದಿಲ್ಲ. ಎಲ್ಲಿ ನಿಂತಿದ್ದರು ಎಂಬುದು ಮಾತ್ರ ಆರು ದಶಾಂಶದವರೆಗೆ ದಾಖಲಾಗಿರುತ್ತದೆ. ಹಾಲ್ ಅದೇ, ಹುಡುಗರೂ ಅವರೇ. ಬೆಳಿಗ್ಗೆ ಹಿಂದಿದ್ದ ಬ್ಯಾನರು ಬೌದ್ಧಿಕ ಆಸ್ತಿ ಹಕ್ಕಿನದು, ಟೀ ಆದ ಮೇಲೆ ಮಹಿಳಾ ಸಬಲೀಕರಣದ್ದು. ಹಿಂದಿನ ಸಾಲಿನ ಹುಡುಗ ಮೆಲ್ಲಗೆ, ‘ಸರ್, ಈಗ ಚಪ್ಪಾಳೆ ಯಾವುದಕ್ಕೆ?’ ಎಂದು ಕೇಳಿದ್ದು ಅಪ್ರಸ್ತುತ. ಅವನ ಮುಖ ಫೋಟೊದಲ್ಲಿ ಸ್ಪಷ್ಟವಾಗಿ ಬಂದಿದೆ.

(2025ರ ಫೆಬ್ರವರಿಯಲ್ಲಿ, ಒಳ್ಳೆಯ ದರ್ಜೆ ಕೊಡಲು ಲಂಚ ಪಡೆದ ಆರೋಪದ ಮೇಲೆ ಸಿಬಿಐ ನ್ಯಾಕ್ ತಪಾಸಣಾ ತಂಡದವರನ್ನೇ ಬಂಧಿಸಿತು. ನಗದು, ಲ್ಯಾಪ್‌ಟಾಪು, ಮೊಬೈಲು ಸಿಕ್ಕವಂತೆ. ಅವುಗಳ ಫೋಟೊಗೆ ಜಿಯೋಟ್ಯಾಗ್ ಇತ್ತೋ ಇಲ್ಲವೋ.)

ಇಷ್ಟರ ನಡುವೆ, ಪಾಪ, ಯಾರೋ ಒಬ್ಬರಿಗೆ ನಿಜವಾಗಿಯೂ ಒಂದು ಪ್ರಾಜೆಕ್ಟ್ ಮಂಜೂರಾಗಿಬಿಡುತ್ತದೆ. ನಮ್ಮ ದೇಶ ಸಂಶೋಧನೆಗೆ ಖರ್ಚು ಮಾಡುವುದು ಜಿಡಿಪಿಯ ಶೇ 0.64ರಷ್ಟು. ಅದರಲ್ಲೊಂದು ಚೂರು ತಮ್ಮ ಪಾಲಿಗೂ ಬಂತೆಂದು ಮೇಷ್ಟ್ರು ಮನೆಗೆ ಸಿಹಿ ಒಯ್ಯುತ್ತಾರೆ. ಹಣ ಕೈಗೆ ಬರುವಾಗ ಫೆಬ್ರವರಿ ಆಗಿರುತ್ತದೆ. ಮಾರ್ಚ್ 31ರ ಒಳಗೆ ಖರ್ಚು ಮಾಡಿ ನಮೂನೆ 12-ಎ ಪ್ರಕಾರ ಬಳಕೆ ಪ್ರಮಾಣಪತ್ರ ಕೊಡಬೇಕು. ಬೇಕಾಗಿದ್ದದ್ದು ಲೋಹ ಎಷ್ಟು ಹಿಗ್ಗಿತೆಂದು ಅಳೆಯುವ, ಉಗುರಿನಷ್ಟು ಅಗಲದ ಸ್ಟ್ರೇನ್ ಗೇಜುಗಳ ಒಂದು ಡಬ್ಬಿ. ಪೇಟೆಯಲ್ಲಿ ಫೋನ್ ಮಾಡಿದರೆ ಮೂರನೇ ದಿನಕ್ಕೆ ಕೊರಿಯರ್‌ನಲ್ಲಿ ಬರುತ್ತವೆ. ಆದರೆ ಕೊಳ್ಳಬೇಕಾಗಿದ್ದದ್ದು ಸರ್ಕಾರಿ ಖರೀದಿಯ ಜೆಮ್ ಪೋರ್ಟಲ್ಲಿನಲ್ಲಿ. ಅಲ್ಲಿ ಎಲ್ಲರಿಗಿಂತ ಕಡಿಮೆ ದರ ಹಾಕಿದವರು, ಹೋದ ತಿಂಗಳು ಇದೇ ಕಾಲೇಜಿನ ಸೆಮಿನಾರ್ ಹಾಲಿಗೆ ಪ್ಲಾಸ್ಟಿಕ್ ಕುರ್ಚಿ ಕೊಟ್ಟವರು. ‘ಗೇಜಲ್ವಾ ಸರ್, ಕೊಡೋಣ ಬಿಡಿ’ ಎಂದವರು ಕೊಟ್ಟದ್ದು ಟೈರಿನ ಗಾಳಿ ನೋಡುವ ಗೇಜು.

2025ರ ಜೂನ್‌ನಲ್ಲಿ ಕೇಂದ್ರ ಹಣಕಾಸು ಸಚಿವಾಲಯ ವಿಜ್ಞಾನ ಸಂಸ್ಥೆಗಳ ಖರೀದಿ ನಿಯಮ ಸಡಿಲಿಸಿತು. ಕೊಟೇಶನ್ ಇಲ್ಲದೆ ಕೊಳ್ಳುವ ಮಿತಿ 1 ಲಕ್ಷದಿಂದ 2 ಲಕ್ಷಕ್ಕೆ ಏರಿತು. ಮೇಷ್ಟ್ರು ಆ ಸುದ್ದಿ ಬಂದ ಪೇಪರನ್ನು ಕತ್ತರಿಸಿಕೊಂಡು ಲೆಕ್ಕಪತ್ರ ಶಾಖೆಗೆ ಓಡಿದರು. ಸೂಪರಿಂಟೆಂಡೆಂಟ್ ಕನ್ನಡಕ ಏರಿಸಿ ಪೂರ್ತಿ ಓದಿದರು. ಓದಿ, ಮಡಚಿ, ವಾಪಸು ಕೊಟ್ಟರು. ‘ಪೇಪರಿಗೆ ಬಂದಿದೆ ಸರ್. ನಮಗೆ ಬಂದಿಲ್ಲ.’

ಪೇಪರ್ ಪ್ರಕಟಣೆಯ ಬಗ್ಗೆ ಹೆಚ್ಚು ಹೇಳುವುದು ಬೇಡ. ಬಡ್ತಿಗೆ ಇಷ್ಟು ಪೇಪರ್ ಬೇಕು ಎಂದರೆ ಅಷ್ಟೂ ಆಗುತ್ತವೆ, ಅದಕ್ಕೆ ತಕ್ಕ ಪತ್ರಿಕೆಗಳೂ ಹುಟ್ಟುತ್ತವೆ, ಲೇಖಕರ ಸಾಲಿನಲ್ಲಿ ಮೂರನೇ ಜಾಗ ಖಾಲಿ ಇದೆ ಎಂದು ವಾಟ್ಸಾಪಿನಲ್ಲಿ ಸಂದೇಶವೂ ಬರುತ್ತದೆ. ಪೇಟೆಂಟಿನ ಕತೆಯೂ ಅಷ್ಟೇ. ಕೃತಕ ಬುದ್ಧಿಮತ್ತೆಯ ಕಸದ ಬುಟ್ಟಿಯೊಂದಕ್ಕೆ ಎಂಟು ಜನ ಆವಿಷ್ಕಾರಕರು. ಬುಟ್ಟಿಯನ್ನು ಕಣ್ಣಾರೆ ಕಂಡವರು ಆ ಎಂಟರಲ್ಲಿ ಯಾರೂ ಇಲ್ಲ. ಮೌಲ್ಯಮಾಪನ, ಸಿಇಟಿ ಪ್ರವೇಶದ ದಾಖಲೆ ಪರಿಶೀಲನೆ, ಕಾಲೇಜಿನ ಪ್ರಚಾರಕ್ಕೆ ಪಿಯು ಕಾಲೇಜುಗಳ ಗೇಟು ಕಾಯುವುದು, ಇವೆಲ್ಲ ಊಟದ ನಡುವಿನ ಉಪ್ಪಿನಕಾಯಿ.

ಕಡೆಗೊಮ್ಮೆ ತಂಡ ಬರುವ ದಿನ ಹತ್ತಿರವಾಯಿತು. ಪ್ರಯೋಗಾಲಯಕ್ಕೆಲ್ಲ ಹೊಸ ಬಣ್ಣ. ಉಕ್ಕಿನ ಸರಳನ್ನು ಎಳೆದು ತುಂಡು ಮಾಡುವ ಯುಟಿಎಂ ಯಂತ್ರಕ್ಕೂ ಹಸಿರು ಎನಾಮೆಲ್ ಎರಡು ಕೋಟ್. ಪೇಂಟರ್ ನಿಷ್ಠಾವಂತ, ಕಂಬದ ಸ್ಕ್ರೂಗಳ ಹಲ್ಲಿನ ಸಂದಿಯನ್ನೂ ಬಿಡಲಿಲ್ಲ. ಬಣ್ಣ ಒಣಗಿದ ಮೇಲೆ ಅಡ್ಡಪಟ್ಟಿ ಮೇಲಕ್ಕೂ ಹೋಗದು, ಕೆಳಕ್ಕೂ ಬಾರದು. ತಂಡದವರು ಬಂದರು, ಯಂತ್ರದ ಸುತ್ತ ಒಂದು ಸುತ್ತು ಹಾಕಿದರು, ಮೈ ಸವರಿ ನೋಡಿದರು. ‘ತುಂಬಾ ಚೆನ್ನಾಗಿ ಇಟ್ಟುಕೊಂಡಿದ್ದೀರಿ’ ಎಂದರು. ಓಡಿಸಿ ತೋರಿಸಿ ಎಂದು ಯಾರೂ ಕೇಳಲಿಲ್ಲ. ಸದ್ಯ.

ಪ್ರಬಂಧ ಒಪ್ಪಿಸುವ ಗಡುವು ಹತ್ತಿರ ಬಂದ ಪಿಎಚ್‌ಡಿ ಹುಡುಗನೊಬ್ಬ ಈಗ ಥಿನ್ನರ್ ಡಬ್ಬಿ, ಹಳೇ ಬನಿಯನ್ ಬಟ್ಟೆ ಹಿಡಿದು ಆ ಸ್ಕ್ರೂಗಳನ್ನು ಹಲ್ಲು ಹಲ್ಲಾಗಿ ಉಜ್ಜುತ್ತಿದ್ದಾನೆ. ಮೊನ್ನೆ ವಿಭಾಗದ ಮುಖ್ಯಸ್ಥರು ಆ ಕಡೆ ಹಾದುಹೋಗುವಾಗ ನಿಂತು ನೋಡಿದರು. ಬೈಯುತ್ತಾರೇನೋ ಎಂದು ಹುಡುಗ ಎದ್ದು ನಿಂತ.

‘ಏಳಬೇಡಪ್ಪ, ಉಜ್ಜು ಉಜ್ಜು’ ಎಂದರು ಅವರು ಮೊಬೈಲ್ ಹೊರತೆಗೆಯುತ್ತ. ‘ಪ್ರಾಯೋಗಿಕ ಕಲಿಕೆ ಅನ್ನೋ ಕಾಲಂ ಇನ್ನೂ ಖಾಲಿ ಇದೆ.’