ಹಾಳೆ ಹೊದಿಸಿದರೆ ಸಾಲದು, ಬೆಳಗ್ಗೆ ತೆಗೆಯಲೂ ಬೇಕು

‘ಚಳಿ ಕಳೆಯುವವರೆಗೂ ಟೊಮೆಟೊ ಸಸಿಗಳಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿಡಿ’ ಎಂದು ಲೇಖನವೊಂದು ಕೊಟ್ಟ ಸಲಹೆಯನ್ನು ನಾನು ಒಪ್ಪುವುದಿಲ್ಲ. ಚಿಕ್ಕಮಗಳೂರು ಸೀಮೆಯಲ್ಲಿ ತರಕಾರಿ ಬೆಳೆಯುವ ನನಗೆ ಇದರ ಪೆಟ್ಟು ಬಿದ್ದಿದೆ. ಹೋದ ವರ್ಷ ಜನವರಿಯಲ್ಲಿ ಮೂರು ದಿನ ಹಾಳೆ ತೆಗೆಯದೆ ಬಿಟ್ಟಿದ್ದೆ. ನಾಲ್ಕನೆಯ ದಿನ ಎತ್ತಿ ನೋಡಿದರೆ ಒಳಮೈಯೆಲ್ಲ ನೀರಿನ ಹನಿ. ಹಾಳೆಗೆ ತಾಗಿದ್ದ ಎಲೆಗಳು ಬೆಂದ ಸೊಪ್ಪಿನಂತೆ ಜೋತುಬಿದ್ದಿದ್ದವು. ಮಣ್ಣಿಗೆ ಸೇರುವಲ್ಲಿ ಕಾಂಡ ನೂಲಿನಷ್ಟು ಸಣ್ಣಗಾಗಿ ಕೊಳೆತಿತ್ತು. ಅರ್ಧ ಸಸಿಮಡಿ ಹೋಯಿತು.

ನೆಲದ ಮೇಲೆ ಹಿಮ ಹೆಪ್ಪುಗಟ್ಟುವುದು ಊಟಿ ಕಡೆಯ ಮಾತು. ನಮ್ಮಲ್ಲಿ ಕಾಡುವುದು ಮೋಡವಿಲ್ಲದ, ಗಾಳಿಯಾಡದ ರಾತ್ರಿಯ ಚಳಿ ಮತ್ತು ಬೆಳಗಿನ ಇಬ್ಬನಿ. 10 ಡಿಗ್ರಿಯ ಹತ್ತಿರ ಇಳಿದರೆ ಸಾಕು, ಟೊಮೆಟೊ, ದಪ್ಪ ಮೆಣಸಿನಕಾಯಿ, ಸೌತೆ ಸಸಿಗಳು ಮಂಕಾಗುತ್ತವೆ. ಕೋಸು, ಬಟಾಣಿಗೆ ಅದು ಲೆಕ್ಕಕ್ಕಿಲ್ಲ. ಅವಕ್ಕೂ ಹೊದಿಕೆ ಹಾಕಿ ಎನ್ನುವುದು ವ್ಯರ್ಥ ಖರ್ಚು.

ಹಗಲಲ್ಲಿ ಹೀರಿದ ಕಾವನ್ನು ನೆಲ ರಾತ್ರಿ ಬಿಟ್ಟುಕೊಡುತ್ತದೆ. ಹೊದಿಕೆ ಅದನ್ನು ಹಿಡಿದಿಡಬೇಕು, ಎಲೆಯನ್ನು ಮಾತ್ರ ಮುಟ್ಟಬಾರದು. ಬಿದಿರಿನ ದಬ್ಬೆ ಬಗ್ಗಿಸಿ ಕಮಾನು ಊರಿ, ಅಂಚು ನೆಲಕ್ಕೆ ತಾಗುವಂತೆ ಹಳೆಯ ಹತ್ತಿ ಸೀರೆ ಹೊದಿಸಿ. ಹೊತ್ತು ಮುಳುಗುವ ಮೊದಲೇ ಮುಚ್ಚಿ, ಬಿಸಿಲೇರುತ್ತಲೇ ತೆಗೆಯಿರಿ. ನೀರನ್ನು ಬೆಳಗ್ಗೆಯೇ ಕೊಡಿ. ಒಣಮಣ್ಣಿಗಿಂತ ಹಸಿಮಣ್ಣು ಬಿಸಿಲಿನ ಕಾವನ್ನು ಹೆಚ್ಚು ಹಿಡಿಯುತ್ತದೆ.

ಮಡಿಯ ಜಾಗದ ಬಗ್ಗೆ ಲೇಖನದಲ್ಲಿ ಒಂದು ಮಾತೂ ಇಲ್ಲದಿರುವುದು ದೊಡ್ಡ ಕೊರತೆ. ತಣ್ಣನೆಯ ಗಾಳಿ ನೀರಿನಂತೆಯೇ ತಗ್ಗಿಗೆ ಹರಿದು ನಿಲ್ಲುತ್ತದೆ. ಈ ವರ್ಷ ಕೆರೆಯ ಕೆಳಗಿನ ಗದ್ದೆ ಬಿಟ್ಟು ಮನೆಯ ಹಿಂದಿನ ದಿಬ್ಬದಲ್ಲಿ ಮಡಿ ಮಾಡಿದೆ. ಸತ್ತ ಸಸಿಗಳನ್ನು ಬೆರಳಲ್ಲಿ ಎಣಿಸಬಹುದಿತ್ತು.