ಎಲ್ಲಕ್ಕೂ ಒಂದೇ ಸೆಟ್

ಈ ‘ಸೆಟ್’ ಎಂಬ ಪದದ ಕಾಟ ನನಗೆ ಸಾಕಾಗಿದೆ. ಟಿವಿ ಸೆಟ್, ಸಿನಿಮಾ ಸೆಟ್, ಟೆನಿಸ್‌ನಲ್ಲೂ ಸೆಟ್. 1989ರ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನಲ್ಲಿ ಅತಿ ಉದ್ದದ ವಿವರಣೆ ಈ ಪುಟಾಣಿ ಪದದ್ದೇ. 400ಕ್ಕೂ ಜಾಸ್ತಿ ಅರ್ಥ! ಸೂರ್ಯ ಸೆಟ್ ಆದರೆ ಮುಳುಗಿದ ಅಂತ, ಮಳೆಗಾಲ ಸೆಟ್ ಇನ್ ಆದರೆ ಶುರುವಾಯಿತು ಅಂತ. ಮೇಲಿಂದ ಇವತ್ತು ಮಾಡಿದರೂ ಸೆಟ್, ನಿನ್ನೆ ಮಾಡಿದ್ದರೂ ಸೆಟ್. ಕಲಿಯುವ ಮಕ್ಕಳಿಗೆ ಎಷ್ಟು ತಲೆನೋವು ಅಲ್ವಾ?

ಅದು ಅವರ ಭಾಷೆ, ಹೇಗಾದರೂ ಇರಲಿ. ನನ್ನ ಸಂಕಟ ಅದು ನಮ್ಮ ಅಡುಗೆಮನೆಗೂ ನುಗ್ಗಿದೆಯಲ್ಲ ಅಂತ. ‘ಮೊಸರು ಸೆಟ್ ಆಗಿಲ್ಲ’ ಅಂತಾರೆ. ಉಗುರುಬೆಚ್ಚಗಿನ ಹಾಲಿಗೆ ಹೆಪ್ಪು ಹಾಕಿ, ರಾತ್ರಿ ಮುಚ್ಚಿಟ್ಟು, ಬೆಳಗ್ಗೆ ಪಾತ್ರೆ ಓರೆ ಮಾಡಿದರೆ ಮೊಸರು ಅಲುಗದೆ ನಿಂತಿರುತ್ತದಲ್ಲ, ಅದಕ್ಕೆ ಹೆಪ್ಪುಗಟ್ಟುವುದು ಅಂತ ಎಂಥ ಚೆಂದದ ಮಾತಿದೆ! ಸಂಬಂಧ ಕುದುರಿತು ಅನ್ನುತ್ತಿದ್ದೆವು. ಈಗ ಅದೂ ‘ಸೆಟ್ ಆಯ್ತು’. ಹೊಸ ಊರು ಒಗ್ಗಿದರೂ, ಮೈಗೆ ಬಟ್ಟೆ ಒಪ್ಪಿದರೂ ಅದೇ.

ಸೆಟ್ ದೋಸೆಯ ಬಗ್ಗೆ ನನ್ನ ತಕರಾರಿಲ್ಲ. ಎರಡು ಮೂರು ಮೆತ್ತನೆ ದೋಸೆ ಜೊತೆಯಾಗಿ ತಟ್ಟೆಗೆ ಬರುತ್ತವೆ, ಹೆಸರು ಸರಿಯಾಗೇ ಇದೆ. ಅದಕ್ಕೆ ಬೇರೆ ಹೆಸರು ಹುಡುಕುವುದು ಸುಮ್ನೆ ಹಟ. ಆದರೆ ಕುದುರು, ಒಗ್ಗು, ಹೊಂದು, ಒಪ್ಪು ಇವೆಲ್ಲ ಮನೆಯ ಮಕ್ಕಳ ಬಾಯಲ್ಲಿ ಕೇಳಿಸುವುದೇ ಕಡಿಮೆಯಾಗಿದೆ. ನನಗೆ ಹೊಟ್ಟೆ ಉರಿಯುವುದು ಅದಕ್ಕೇ.