ಹಾರ್ಟ್ ರಿಪೇರಿ ಆತು, ಕೂಸಿನ ಕುತ್ತಿಗಿ ಯಾರು ನೋಡ್ಬೇಕ್ರೀ?

ನಿನ್ನೆ ಗದಗದಾಗ ಬೀಗರ ಮನಿ ಜವಳಕ್ಕ ಹೋಗಿದ್ದೆ, ಇನ್ನೂ ಸಿಟ್ಟು ಇಳದಿಲ್ಲ. ಹನ್ನೊಂದು ತಿಂಗಳ ಕೂಸು, ಹುಟ್ಟಿದ ಎರಡನೇ ವಾರದಾಗ ಬೆಂಗಳೂರಾಗ ಹಾರ್ಟ್ ಆಪರೇಶನ್ ಆಗೇತಿ, ಚೊಲೋನೂ ಆಗೇತಿ, ಆದ್ರ ಕೂಸು ಇನ್ನೂ ನೆಲಾನ ಕಂಡಿಲ್ಲ. ಅಜ್ಜಿ ತೊಡಿಯಿಂದ ಅತ್ತಿ ತೊಡಿ, ಅತ್ತಿ ತೊಡಿಯಿಂದ ಸೋದರಮಾವನ ತೊಡಿ. ಕುಂದ್ರಸಿದ್ರ ಪಕ್ಕಕ್ಕ ವಾಲತೈತಿ. ಒಂದು ಚಾದರ ಹಾಸಿ ಡಬ್ಬ ಮಲಗಸ್ರಿ, ನೋಡೂಣು ಅಂದೆ, ಅಷ್ಟಕ್ಕ "ಏ ಯವ್ವಾ, ಹಾರ್ಟಿನ ಕೂಸೈತಿ ಅದು, ಎದಿ ಮ್ಯಾಲ ಭಾರ ಬೀಳಬಾರದು" ಅಂತ ಇಡೀ ಪಡಸಾಲಿ ನನ್ನ ಮ್ಯಾಲ ಬಿತ್ತು. ಸಣ್ಣ ಮಕ್ಕಳ ಫಿಸಿಯೋಥೆರಪಿ ಮಾಡೇ ನನ್ನ ಹೊಟ್ಟಿ ತುಂಬತೈತಿ ಅನ್ನೂದು ನಿಮಗ ಗೊತ್ತೈತಿ, ಬೀಗರಿಗೂ ಗೊತ್ತೈತಿ, ಆದ್ರ ಅವರಿಗೆ ಸೊಂಟಾ ಹಿಡದಾಗ ಅಷ್ಟ ನಾ ನೆನಪಾಕ್ಕೀನಿ.

ಎದಿ ಎಲುಬು ಕೊಯ್ದು ಆಪರೇಶನ್ ಮಾಡಿದ ಮ್ಯಾಲ ಆರೆಂಟು ವಾರ ಕಂಕುಳಾಗ ಕೈ ಹಾಕಿ ಎತ್ತಬ್ಯಾಡ್ರಿ, ಎಲುಬು ಕೂಡ್ಲಿ ಅಂತಾರ, ಖರೆ. ಆ ಆರೆಂಟು ವಾರ ನಮ್ಮ ಕಡೆ ಜಲ್ಮಪೂರ್ತಿ ಆಗಿಬಿಡತಾವು! ಎಲುಬು ಕೂಡಿ ಸರ್ಜನ್ ಹೂಂ ಅಂದ್ರ ಅದ ಕೂಸಿನ್ನ ದಿನಾ ಎಚ್ಚರಿದ್ದಾಗ, ನಾವು ಮುಂದ ಕುಂತು ಡಬ್ಬ ಹಾಕಬೇಕು, ಕುತ್ತಿಗಿ ಎತ್ತೂದು ಕೈ ಊರೂದು ಉರುಳೂದು ಎಲ್ಲಾ ಅಲ್ಲಿಂದನ ಶುರು. ಎಣ್ಣಿ ತಿಕ್ಕಿ ಸುಡು ಸುಡು ನೀರು ಹಾಕಾಕ ಅಂಜಿಕಿಲ್ಲ ಇವರಿಗೆ, ಚಾದರಕ್ಕ ಅಂಜಿಕಿ.

ಇದು ಬರೇ ಕೈಕಾಲಿನ ಮಾತಲ್ಲ, ಮೆದುಳಿಂದು. ಹುಟ್ಟೂ ನೂರು ಕೂಸಿನಾಗ ಹೆಚ್ಚುಕಡಿಮಿ ಒಂದಕ್ಕ ಹಾರ್ಟಿಂದು ಏನರ ಒಂದು ದೋಷ ಇರತೈತಿ. ಸಣ್ಣ ತೂತು ಇದ್ದ ಬಹಳಷ್ಟು ಮಕ್ಕಳು ಆರಾಮ ಬೆಳೀತಾವು, ಅವರ ಅಪ್ಪ ಅವ್ವ ಇದನ್ನ ಓದಿ ನಿದ್ದಿ ಕೆಡಸ್ಕೋಬ್ಯಾಡ್ರಿ. ನಾ ಹೇಳೂದು ಈ ಕೂಸಿನಂಥಾ ಕೇಸಿಗೆ, ದೊಡ್ಡ ರಕ್ತನಾಳ ಎರಡೂ ಅದಲಿಬದಲಿ ಆಗಿದ್ದು, ಇಲ್ಲಾ ಹಾರ್ಟಿನ ಒಂದು ಕಡೆ ಸರಿ ಬೆಳೀದಿದ್ದದ್ದು. ಹೊಟ್ಟ್ಯಾಗಿದ್ದಾಗಿಂದನ ಇಂಥಾ ಮಕ್ಕಳ ಮೆದುಳಿಗೆ ಆಕ್ಸಿಜನ್ ಕಮ್ಮಿ ಹೋಗಿರತೈತಿ. ದಿನಾ ತುಂಬಿ ಹುಟ್ಟಿದ್ರೂ ಎಷ್ಟೋ ಮಕ್ಕಳ ಮೆದುಳು ಎಮ್‌ಆರ್‌ಐದಾಗ ಸುಮಾರು ಒಂದು ತಿಂಗಳು ಹಿಂದ ಇದ್ದಂಗ ಕಾಣತೈತಿ, ಅದರ ಮ್ಯಾಲ ಆಪರೇಶನ್, ಆ ಹೊತ್ತಿಗೆ ಹಾರ್ಟಿನ ಕೆಲಸಾ ಮಾಡೂ ಬೈಪಾಸ್ ಮಷಿನ್, ಐಸಿಯುದಾಗ ಅಂಗಾತ ಬಿದ್ದುಕೊಂಡಿದ್ದು. ಇದರ ಪೆಟ್ಟು ಮೊದಲ ವರ್ಷದಾಗ ಕಾಣೂದ ಕುತ್ತಿಗಿ, ಬೆನ್ನಿನಾಗ, ಮಾತು ಶಾಲಿ ಎಲ್ಲಾ ಆಮ್ಯಾಲ. ಅಮೆರಿಕನ್ ಹಾರ್ಟ್ ಅಸೋಸಿಯೇಶನ್‌ನವರು 2012ರಾಗನ ಹೇಳ್ಯಾರ, ಇಂಥಾ ಮಕ್ಕಳ ಬೆಳವಣಿಗಿ ಮ್ಯಾಲಿಂದ ಮ್ಯಾಲ ತಪಾಸಣಿ ಮಾಡ್ರಿ ಅಂತ, 2024ರಾಗ ಮತ್ತ ಹೇಳ್ಯಾರ. ಈ ಕೂಸಿನ ಫೈಲ್ ತಗದು ನೋಡಿದೆ. ಎಕೋ ಅಂದ್ರ ಹಾರ್ಟಿನ ಸ್ಕ್ಯಾನ್, ತೂಕ, ಮತ್ತ ಎಕೋ. ಕುಂದರತೈತೋ ಇಲ್ಲೋ ಅನ್ನೂದು ಒಂದು ಸಾಲಿಲ್ಲ!

"ಇದರಪ್ಪನೂ ಎರಡು ವರ್ಷಕ್ಕ ನಡದಾನ ತಂಗಿ, ಅವರವರ ಟೈಮಿಗೆ ಕಲೀತಾವು" ಅಂದ್ರು ಒಬ್ಬರು ಕಾಕಾ. ಕಲೀತಾವ್ರಿ ಕಾಕಾ, ತಡಾ ಮಾಡಿ ತಾವ ಸರಿಹೋದ ಮಕ್ಕಳ್ನ ನಾನೂ ನೋಡೇನಿ. ಆದ್ರ ಇದರಪ್ಪನ ಎದಿ ಯಾರರ ಕೊಯ್ದಿದ್ರೇನು? ಮತ್ತ ಕೆರಿಗೇ ಇಳಸದ ಈಜು ಕಲೀವಲ್ದು ಅಂದ್ರ ಹೆಂಗ?

ಅಜ್ಜಿ ಅಂಜಿಕಿ ನನಗ ತಿಳೀದಿಲ್ಲ ಅಂತಲ್ಲ. ಆ ನಡು ಎದಿ ಹೊಲಿಗಿ ಗೀಟು ಕಂಡ್ರ ಇಷ್ಟು ವರ್ಷದ ಮ್ಯಾಲೂ ನನ್ನ ಕೈ ಒಂದು ಗಳಿಗಿ ತಡೀತಾವು, ಮನ್ಯಾಗೂ ಯಾರಿಗೂ ಹೇಳಿಲ್ಲ ಇದನ್ನ. ತಡದ್ರೂ ಮುಂದ ಕೆಲಸಾ ಮಾಡಬೇಕಲ್ಲ.

ನಿಮ್ಮ ಓಣ್ಯಾಗ ಇಂಥಾ ಕೂಸಿದ್ರ ಅದರ ಅವ್ವಗ ಹೇಳ್ರಿ. ಆರ್‌ಬಿಎಸ್‌ಕೆ ಅಂತ ಮಕ್ಕಳ ಆರೋಗ್ಯದ ಸರಕಾರಿ ಯೋಜನಾ 2013ರಿಂದ ಐತಿ, ಅಂಗನವಾಡಿಗೆ ತಪಾಸಣಿಗೆ ಬರ್ತಾರಲ್ಲ ಅವರು, ಹಾರ್ಟಿನ ದೋಷಾನೂ ಬೆಳವಣಿಗಿ ತಡಾನೂ ಎರಡೂ ಅವರ ಪಟ್ಟ್ಯಾಗ ಅದಾವು, ಮುಂದಿನ ಆರೈಕಿಗೆ ಜಿಲ್ಲಾ ಮಟ್ಟದಾಗ ಡಿಇಐಸಿ ಅಂತ ಸೆಂಟರ್ ಮಾಡ್ಯಾರ. ಡಿಸ್ಚಾರ್ಜ್ ಸಮರಿ, ತಾಯಿ ಕಾರ್ಡ್ ಎರಡೂ ಒಯ್ಯಾಕ ಹೇಳ್ರಿ. ಆಸ್ಪತ್ರಿ ಗೇಟಿನಾಗ ಡಿಇಐಸಿ ಅಂದ್ರ ಮುಖಾ ಮುಖಾ ನೋಡ್ತಾರ, ಆರ್‌ಬಿಎಸ್‌ಕೆ ಡಾಕ್ಟ್ರು ಎಲ್ಲಿ ಕುಂದರ್ತಾರ ಅಂತ ಕೇಳ್ರಿ, ತೋರಸ್ತಾರ.